ಪ್ಲೇ ಸ್ಟೋರ್‌ನಲ್ಲಿ ಸ್ವಂತ ಹೆಸರಿನ ಡೆವಲಪರ್ ಖಾತೆ

ಮೊಬೈಲ್ ಆ್ಯಪ್ ಒಂದನ್ನು ಬರೆದು ಮುಗಿಸುವುದು ಒಂದು ಕೆಲಸ, ಅದನ್ನು ಸಾರ್ವಜನಿಕರ ಫೋನಿಗೆ ತಲುಪಿಸುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಕಂಪ್ಯೂಟರು, ಪ್ರೋಗ್ರಾಮಿಂಗ್ ತಿಳಿವಳಿಕೆ ಮತ್ತು ತಾಳ್ಮೆ ಇದ್ದರೆ ಸಾಕು. ಎರಡನೆಯದಕ್ಕೆ ಆ್ಯಪ್ ಸ್ಟೋರನ್ನು ನಡೆಸುವ ಕಂಪನಿಯ ಜೊತೆ ಒಪ್ಪಂದಕ್ಕೆ ಒಳಪಡಬೇಕು, ಶುಲ್ಕ ಕಟ್ಟಬೇಕು, ತಾನು ಯಾರೆಂಬುದನ್ನು ದಾಖಲೆಗಳ ಮೂಲಕ ರುಜುವಾತುಪಡಿಸಬೇಕು. ಈ ವ್ಯವಹಾರವೆಲ್ಲ ನಡೆಯುವ ಜಾಗಕ್ಕೆ ಡೆವಲಪರ್ ಖಾತೆ ಎನ್ನುತ್ತಾರೆ. ಆ್ಯಪಲ್ ಕಂಪನಿಯ ಆ್ಯಪ್ ಸ್ಟೋರ್ 2008ರ ಜುಲೈನಲ್ಲಿ ಸುಮಾರು 500 ಆ್ಯಪ್‌ಗಳೊಂದಿಗೆ ಆರಂಭವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಗೂಗಲ್ ಕಂಪನಿಯ ಆಂಡ್ರಾಯ್ಡ್ ಮಾರ್ಕೆಟ್ ಬಂದು, 2012ರ ಮಾರ್ಚಿನಲ್ಲಿ ಗೂಗಲ್ ಪ್ಲೇ ಎಂಬ ಈಗಿನ ಹೆಸರನ್ನು ಪಡೆಯಿತು. ಭಾರತದ ಸ್ಮಾರ್ಟ್‌ಫೋನುಗಳಲ್ಲಿ ಬಹುಪಾಲು ಆಂಡ್ರಾಯ್ಡ್ ಆಗಿರುವುದರಿಂದ, ಕನ್ನಡದಲ್ಲಿ ನಿಘಂಟು, ಪಂಚಾಂಗ, ವಚನ ಸಂಗ್ರಹ, ಮಕ್ಕಳ ಕಾಗುಣಿತ ಇಂಥ ಆ್ಯಪ್ ತಯಾರಿಸುವ ಒಂಟಿ ಡೆವಲಪರಿಗೆ ಮೊದಲು ಎದುರಾಗುವುದು ಗೂಗಲ್ ಪ್ಲೇ ಖಾತೆಯೇ. ಈ ಖಾತೆಯನ್ನು ತೆರೆಯುವುದು ಕೆಲವು ಪುಟಗಳ ಅರ್ಜಿ ತುಂಬುವಷ್ಟು ಸುಲಭವೆಂದು ಕಂಡರೂ, ಅದರಲ್ಲಿ ನಿಜವಾಗಿ ಆಗುವುದು ಒಬ್ಬ ವ್ಯಕ್ತಿಯ ಹೆಸರು, ವಿಳಾಸ ಮತ್ತು ಹೊಣೆಗಾರಿಕೆಯನ್ನು ಆತ ಮುಂದೆ ಪ್ರಕಟಿಸುವ ಪ್ರತಿಯೊಂದು ಆ್ಯಪ್‌ಗೂ ಬಿಗಿಯುವ ಕೆಲಸ. ಆದ್ದರಿಂದ ಹಣ ಕಟ್ಟುವುದಕ್ಕೆ ಮೊದಲೇ ಅದರ ನಿಯಮಗಳನ್ನು ತಿಳಿದಿರುವುದು ಒಳ್ಳೆಯದು.

ಶುಲ್ಕದ ಮಾತು ಸರಳ. ಗೂಗಲ್ ಪ್ಲೇ ಒಂದೇ ಬಾರಿಗೆ 25 ಅಮೆರಿಕನ್ ಡಾಲರ್ ತೆಗೆದುಕೊಳ್ಳುತ್ತದೆ, ಅಂದರೆ ಎರಡು ಸಾವಿರ ರೂಪಾಯಿಗಿಂತ ತುಸು ಹೆಚ್ಚು. ಆ್ಯಪಲ್ ಪ್ರತಿ ವರ್ಷ 99 ಡಾಲರ್ ಕೇಳುತ್ತದೆ ಮತ್ತು ಅದನ್ನು ಕಟ್ಟುವುದು ನಿಂತರೆ ಆ್ಯಪ್‌ಗಳು ಸ್ಟೋರಿನಿಂದ ಮರೆಯಾಗುತ್ತವೆ. ಗೂಗಲ್‌ಗೆ ಹಣ ಕಟ್ಟಲು ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್ ನಡೆಯುತ್ತದೆ, ಪ್ರೀಪೇಯ್ಡ್ ಕಾರ್ಡ್ ನಡೆಯುವುದಿಲ್ಲ. ಅನೇಕರು ಎಡವುವುದು ಇಲ್ಲಿಯೇ. ರಿಸರ್ವ್ ಬ್ಯಾಂಕ್ 2020ರಲ್ಲಿ ಹೊರಡಿಸಿದ ಸೂಚನೆಯಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ತಾನಾಗಿ ತೆರೆದಿರುವುದಿಲ್ಲ, ಗ್ರಾಹಕರೇ ಬ್ಯಾಂಕಿನ ಆ್ಯಪ್‌ನಲ್ಲೋ ಶಾಖೆಯಲ್ಲೋ ಅದನ್ನು ಚಾಲೂ ಮಾಡಿಸಿಕೊಳ್ಳಬೇಕು. ಹಾಗೆ ಮಾಡದೆ ಪಾವತಿ ವಿಫಲವಾದಾಗ ದೋಷ ಗೂಗಲ್‌ನದೆಂದು ತಿಳಿದು ಮತ್ತೆ ಮತ್ತೆ ಯತ್ನಿಸುವವರಿದ್ದಾರೆ. ಗುರುತಿನ ದಾಖಲೆ ಅಸಲಿಯಲ್ಲವೆಂದು ಮುಂದೆ ತಿರಸ್ಕೃತವಾದರೆ ಈ ಶುಲ್ಕ ಹಿಂತಿರುಗಿ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಅರ್ಜಿಯ ಮೊದಲ ಪುಟದಲ್ಲೇ ಖಾತೆಯ ಬಗೆಯನ್ನು ಆರಿಸಬೇಕಾಗುತ್ತದೆ: ವೈಯಕ್ತಿಕ ಖಾತೆಯೋ, ಸಂಸ್ಥೆಯ ಖಾತೆಯೋ ಎಂದು. ವೈಯಕ್ತಿಕ ಖಾತೆ 18 ವರ್ಷ ತುಂಬಿದ ಯಾವ ವ್ಯಕ್ತಿಗೂ ಸಿಗುತ್ತದೆ. ಸಂಸ್ಥೆಯ ಖಾತೆಗೆ ಡನ್ ಆ್ಯಂಡ್ ಬ್ರ್ಯಾಡ್‌ಸ್ಟ್ರೀಟ್ ಎಂಬ ಕಂಪನಿ ಜಗತ್ತಿನ ವ್ಯಾಪಾರ ಸಂಸ್ಥೆಗಳಿಗೆ ನೀಡುವ ಡನ್ಸ್ ಎಂಬ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ ಬೇಕು. ಹವ್ಯಾಸಕ್ಕಾಗಿ ಆ್ಯಪ್ ಬರೆಯುವ ವಿದ್ಯಾರ್ಥಿಗೆ, ಶಿಕ್ಷಕರಿಗೆ, ನಿವೃತ್ತರಿಗೆ ವೈಯಕ್ತಿಕ ಖಾತೆಯೇ ಸಹಜವಾದ ಆಯ್ಕೆ. ಆದರೆ ಬ್ಯಾಂಕಿಂಗ್, ಸಾಲ, ಷೇರು ವಹಿವಾಟು ಮುಂತಾದ ಹಣಕಾಸಿನ ಆ್ಯಪ್‌ಗಳು, ವೈದ್ಯಕೀಯ ಆ್ಯಪ್‌ಗಳು, ವಿಪಿಎನ್ ಸೇವೆಗಳು ಮತ್ತು ಸರ್ಕಾರಿ ಆ್ಯಪ್‌ಗಳಿಗೆ ಸಂಸ್ಥೆಯ ಖಾತೆಯೇ ಬೇಕೆಂದು ಗೂಗಲ್ ವಿಧಿಸಿರುವುದರಿಂದ, ಊರಿನ ಸ್ವಸಹಾಯ ಸಂಘಕ್ಕೆ ಸಾಲದ ಲೆಕ್ಕದ ಆ್ಯಪ್ ಮಾಡಿಕೊಡಲು ಹೊರಟವರು ತಮ್ಮ ಆ್ಯಪ್ ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ನೀತಿಯ ಪುಟದಲ್ಲಿ ಮೊದಲೇ ನೋಡಿಕೊಳ್ಳಬೇಕು. ಕೇವಲ ಲೆಕ್ಕ ಬರೆದಿಡುವ ಆ್ಯಪ್ ಬೇರೆ, ಸಾಲವನ್ನು ನೀಡುವ ಅಥವಾ ಕೊಡಿಸುವ ಆ್ಯಪ್ ಬೇರೆ. ಈ ವ್ಯತ್ಯಾಸವನ್ನು ವಿವರಣೆಯಲ್ಲಿ ಸ್ಪಷ್ಟಪಡಿಸದಿದ್ದರೆ ಪರಿಶೀಲನೆಯ ಹಂತದಲ್ಲಿ ತೊಡಕಾಗುತ್ತದೆ.

ಡೆವಲಪರ್ ಖಾತೆಗೆ ಆಧಾರವಾಗುವುದು ಒಂದು ಗೂಗಲ್ ಖಾತೆ, ಸಾಮಾನ್ಯವಾಗಿ ಒಂದು ಜಿಮೇಲ್ ವಿಳಾಸ, ಮತ್ತು ಆ ವಿಳಾಸದ ಒಡೆಯರೇ ಖಾತೆಯ ಒಡೆಯರು. ಮನೆಯವರೆಲ್ಲ ಬಳಸುವ, ಗುಪ್ತಪದ ಹತ್ತಾರು ಕಡೆ ಹರಿದಾಡಿರುವ ಹಳೆಯ ವಿಳಾಸವನ್ನು ಇದಕ್ಕೆ ಬಳಸಬಾರದು. ಎರಡು ಹಂತದ ಪರಿಶೀಲನೆ, ಅಂದರೆ ಗುಪ್ತಪದದ ಜೊತೆಗೆ ಫೋನಿನ ಮೂಲಕವೂ ತನ್ನನ್ನು ಗುರುತಿಸಿಕೊಳ್ಳುವ ವ್ಯವಸ್ಥೆ, ಇಲ್ಲಿ ಕಡ್ಡಾಯ. ಅದರ ಬದಲಿ ಸಂಕೇತಗಳನ್ನು ಕಾಗದದ ಮೇಲೆ ಬರೆದು ಜೋಪಾನ ಮಾಡಿಟ್ಟವರು ಫೋನ್ ಕಳೆದುಕೊಂಡ ದಿನ ಖಾತೆಯನ್ನೂ ಕಳೆದುಕೊಳ್ಳುವುದಿಲ್ಲ.

ಮುಂದಿನದು ಹೆಸರಿನ ವಿಷಯ, ಕರ್ನಾಟಕದವರು ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೇ. ಅರ್ಜಿಯಲ್ಲಿ ಎರಡು ಹೆಸರುಗಳಿಗೆ ಜಾಗವಿದೆ. ಒಂದು ಡೆವಲಪರ್ ಹೆಸರು. ಇದು ಸ್ಟೋರಿನಲ್ಲಿ ಆ್ಯಪ್‌ನ ಕೆಳಗೆ ಕಾಣುವಂಥದು, 50 ಅಕ್ಷರಗಳ ಮಿತಿಯಲ್ಲಿ ಡೆವಲಪರ್ ತನಗೆ ಬೇಕಾದುದನ್ನು ಇಟ್ಟುಕೊಳ್ಳಬಹುದು, ಮುಂದೆ ಬದಲಾಯಿಸಲೂಬಹುದು. ಇನ್ನೊಂದು ಕಾನೂನುಬದ್ಧ ಹೆಸರು. ಇದು ಸರ್ಕಾರ ನೀಡಿದ ಗುರುತಿನ ದಾಖಲೆಯಲ್ಲಿ ಇರುವಂತೆಯೇ ಇರಬೇಕು. ಹೆಸರಿನ ಮೊದಲ ಭಾಗ, ಕೊನೆಯ ಭಾಗ ಎಂದು ಸಲೀಸಾಗಿ ಒಡೆಯುವ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಇಂಥ ಅರ್ಜಿಗಳಿಗೆ ನಮ್ಮ ನಾಡಿನ ಹೆಸರುಗಳು ಸುಲಭವಾಗಿ ಹೊಂದುವುದಿಲ್ಲ. ಹಳೆ ಮೈಸೂರಿನ ಕಡೆ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಹೆಸರಿನ ಹಿಂದೆಯೋ ಮುಂದೆಯೋ ಬಂದು ಕೂರುತ್ತವೆ. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂದು ಮೂರು ಭಾಗಗಳಿರುತ್ತವೆ. ಶಾಲೆಯ ದಾಖಲೆಯಲ್ಲಿ ‘ಮಂಜುನಾಥ ಕೆ.ಎಸ್.’ ಎಂದಿರುವವರ ಪ್ಯಾನ್ ಕಾರ್ಡಿನಲ್ಲಿ ಆ ಮೊದಲಕ್ಷರಗಳು ಪೂರ್ತಿಯಾಗಿ ಹರಡಿಕೊಂಡಿರುತ್ತವೆ, ಆಧಾರ್‌ನಲ್ಲಿ ಒಂದಕ್ಷರ ಬಿಟ್ಟುಹೋಗಿರುತ್ತದೆ, ಬ್ಯಾಂಕಿನಲ್ಲಿ ಇಂಗ್ಲಿಷ್ ಕಾಗುಣಿತವೇ ಬೇರೆ ಇರುತ್ತದೆ. ಇವುಗಳಲ್ಲಿ ಯಾವುದನ್ನು ಗುರುತಿಗಾಗಿ ಸಲ್ಲಿಸಬೇಕೆಂದಿದ್ದಾರೋ ಆ ದಾಖಲೆಯನ್ನು ಮೊದಲು ಎದುರಿಗಿಟ್ಟುಕೊಂಡು, ಅದರಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನೂ ಬಿಡುವುಗಳನ್ನೂ ಹಾಗೆಯೇ ಅರ್ಜಿಗೆ ಇಳಿಸುವುದೇ ಕ್ಷೇಮ. ಈ ಹೆಸರು ಮತ್ತು ವಿಳಾಸ ಗೂಗಲ್ ಪಾವತಿ ಪ್ರೊಫೈಲ್ ಎಂಬ ದಾಖಲೆಯಲ್ಲಿ ಕೂರುವುದರಿಂದ, ಹಿಂದೆಂದೋ ಯಾವುದೋ ಖರೀದಿಗಾಗಿ ಅರೆಬರೆ ಹೆಸರಿನಲ್ಲಿ ಮಾಡಿಕೊಂಡ ಹಳೆಯ ಪ್ರೊಫೈಲನ್ನು ಅವಸರದಲ್ಲಿ ಜೋಡಿಸಿಬಿಟ್ಟವರಿಗೆ ಅದನ್ನು ಸರಿಪಡಿಸುವುದರಲ್ಲೇ ವಾರಗಳು ಕಳೆದುಹೋಗಬಹುದು.

ಇಷ್ಟೆಲ್ಲ ಪರಿಶೀಲನೆ ಏಕೆ ಎಂಬ ಪ್ರಶ್ನೆಗೆ ಭಾರತದ ಅನುಭವದಲ್ಲೇ ಉತ್ತರವಿದೆ. ಕೆಲವೇ ನಿಮಿಷಗಳಲ್ಲಿ ಸಾಲ ಕೊಡುತ್ತೇವೆಂದು ಆಸೆ ತೋರಿಸಿ, ಫೋನಿನಲ್ಲಿರುವ ಸಂಪರ್ಕ ಸಂಖ್ಯೆಗಳನ್ನೂ ಚಿತ್ರಗಳನ್ನೂ ಕದ್ದು, ಬಳಿಕ ಬಂಧುಬಳಗದ ಮುಂದೆ ಮಾನ ಕಳೆಯುವ ಬೆದರಿಕೆ ಹಾಕಿ ಹಣ ಕೀಳುವ ಆ್ಯಪ್‌ಗಳು ಕೋವಿಡ್ ಕಾಲದಲ್ಲಿ ದೇಶದಾದ್ಯಂತ ಹಬ್ಬಿದವು. 2021ರ ಏಪ್ರಿಲ್‌ನಿಂದ 2022ರ ಜುಲೈವರೆಗೆ ಗೂಗಲ್ ಇಂಥ 2,500ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿತೆಂದು ಕೇಂದ್ರ ಹಣಕಾಸು ಸಚಿವರು ಸಂಸತ್ತಿಗೆ ತಿಳಿಸಿದರು. ಒಂದು ಆ್ಯಪ್ ತೆಗೆದರೆ ಅದೇ ಗುಂಪು ಇನ್ನೊಂದು ಹೆಸರಿನಲ್ಲಿ ಮತ್ತೊಂದು ಖಾತೆ ತೆರೆಯುವುದನ್ನು ತಡೆಯಬೇಕಾದರೆ ಖಾತೆಯ ಹಿಂದೆ ಇರುವ ಮನುಷ್ಯ ಯಾರೆಂದು ತಿಳಿಯಲೇಬೇಕು; ಈ ದೃಷ್ಟಿಯಿಂದ ಗುರುತಿನ ಪರಿಶೀಲನೆ ನ್ಯಾಯವಾದದ್ದು. ಇದರ ಇನ್ನೊಂದು ಮುಖವಾಗಿ, ಪರಿಶೀಲನೆ ಮುಗಿದ ವೈಯಕ್ತಿಕ ಖಾತೆಗಳನ್ನು ಬಾಡಿಗೆಗೆ ಅಥವಾ ಕ್ರಯಕ್ಕೆ ಕೇಳುವ ಮಧ್ಯವರ್ತಿಗಳು ಹುಟ್ಟಿಕೊಂಡಿದ್ದಾರೆ. ಸುಮ್ಮನೆ ಬಿದ್ದಿರುವ ಖಾತೆಗೆ ಒಂದಿಷ್ಟು ಸಾವಿರ ರೂಪಾಯಿ ಸಿಗುವುದಾದರೆ ಕೊಡಬಾರದೇಕೆ ಎಂದು ವಿದ್ಯಾರ್ಥಿಗಳಿಗೆ ಅನ್ನಿಸುವುದುಂಟು. ಕೊಡಲೇಬಾರದು, ಆ ಖಾತೆಯಿಂದ ಹೊರಬರುವ ಪ್ರತಿಯೊಂದು ಆ್ಯಪ್‌ನ ಹೊಣೆ ಗುರುತಿನ ದಾಖಲೆ ಕೊಟ್ಟವರದೇ ಆಗಿರುತ್ತದೆ ಮತ್ತು ಪೊಲೀಸರು ತನಿಖೆಗೆ ಬಂದರೆ ಮೊದಲು ಸಿಗುವ ಹೆಸರೂ ಅವರದೇ. ನಿಯಮ ಮುರಿದ ಖಾತೆಯನ್ನು ಗೂಗಲ್ ರದ್ದುಪಡಿಸಿದಾಗ ಅದಕ್ಕೆ ಸಂಬಂಧಿಸಿದವೆಂದು ಕಂಡುಬಂದ ಇತರ ಖಾತೆಗಳೂ ರದ್ದಾಗಬಹುದು. ಆ ವ್ಯಕ್ತಿ ಮುಂದೆ ಹೊಸ ಖಾತೆ ತೆರೆಯುವುದಕ್ಕೂ ಅವಕಾಶವಿರುವುದಿಲ್ಲ.

ಪರಿಶೀಲನೆ ನ್ಯಾಯವೆಂದ ಮಾತ್ರಕ್ಕೆ ಅದರ ಎಲ್ಲ ಪರಿಣಾಮಗಳೂ ನ್ಯಾಯವೆಂದು ಹೇಳಲಾಗದು. ವೈಯಕ್ತಿಕ ಖಾತೆ ಹೊಂದಿದವರ ಕಾನೂನುಬದ್ಧ ಹೆಸರು, ದೇಶ ಮತ್ತು ಇಮೇಲ್ ವಿಳಾಸ ಸ್ಟೋರಿನಲ್ಲಿ ಎಲ್ಲರಿಗೂ ಕಾಣುತ್ತವೆ. ಪ್ಲೇ ಮೂಲಕ ಹಣ ಗಳಿಸಲು, ಅಂದರೆ ಆ್ಯಪನ್ನು ಮಾರಲು ಅಥವಾ ಆ್ಯಪ್‌ನೊಳಗೆ ಏನನ್ನಾದರೂ ಮಾರಲು ಹೊರಟರೆ ಪೂರ್ಣ ವಿಳಾಸವೂ ಪ್ರಕಟವಾಗುತ್ತದೆ. ದೊಡ್ಡ ಕಂಪನಿಗೆ ಅದು ಕಚೇರಿಯ ವಿಳಾಸ. ಒಂಟಿ ಡೆವಲಪರಿಗೆ ಅದು ಮನೆಯ ಬಾಗಿಲು. ಮನೆಯಲ್ಲಿ ಕುಳಿತು ಅಡುಗೆಯ ಅಥವಾ ಮಕ್ಕಳ ಕಥೆಯ ಆ್ಯಪ್ ಮಾಡಿ ನೂರು ರೂಪಾಯಿಗೆ ಮಾರಬೇಕೆಂದಿರುವ ಮಹಿಳೆಯೊಬ್ಬರು ತಮ್ಮ ಮನೆಯ ಸಂಖ್ಯೆ, ರಸ್ತೆ, ಪಿನ್‌ಕೋಡ್‌ಗಳನ್ನು ಅಪರಿಚಿತರ ಮುಂದಿಡಬೇಕಾಗಿ ಬರುವುದು ಭಾರವಾದ ಷರತ್ತೇ ಸರಿ. ಗ್ರಾಹಕರಿಗೆ ಮಾರಾಟಗಾರರು ಯಾರೆಂದು ತಿಳಿಯಬೇಕೆಂಬ ತತ್ವ ಸರಿಯಾದರೂ, ಸಣ್ಣ ಮಾರಾಟಗಾರರ ವಿಳಾಸವನ್ನು ಕಂಪನಿ ತನ್ನ ಬಳಿಯೇ ಇಟ್ಟುಕೊಂಡು ದೂರು ಬಂದಾಗ ಮಾತ್ರ ಒದಗಿಸುವ ದಾರಿಯೊಂದು ಇರಬೇಕಿತ್ತು. ಈಗಿರುವ ಸ್ಥಿತಿಯಲ್ಲಿ, ಮನೆಯ ವಿಳಾಸ ಬಯಲಾಗುವುದು ಒಗ್ಗದವರು ಮೊದಲ ಆ್ಯಪನ್ನು ಉಚಿತವಾಗಿಯೇ ಕೊಟ್ಟು, ಮಾರಾಟದ ಯೋಚನೆಯನ್ನು ದಾಖಲೆಯಲ್ಲಿ ತೋರಿಸಬಲ್ಲ ಬೇರೆ ವ್ಯವಹಾರದ ವಿಳಾಸ ಸಿಕ್ಕ ಮೇಲೆ ಮಾಡುವುದು ಮೇಲು. ಸಂಪರ್ಕಕ್ಕೆ ಕೊಡುವ ಇಮೇಲ್ ಮಾತ್ರ ಹೇಗೂ ಸಾರ್ವಜನಿಕವಾಗುವುದರಿಂದ ಅದನ್ನು ಪ್ರತ್ಯೇಕವಾಗಿಯೇ ಮಾಡಿಟ್ಟುಕೊಳ್ಳಬೇಕು.

ಹೆಸರು, ವಿಳಾಸ, ಫೋನ್ ಸಂಖ್ಯೆಗಳ ಜೊತೆಗೆ ಅರ್ಜಿದಾರರ ಕೈಯಲ್ಲಿ ನಿಜವಾದ ಆಂಡ್ರಾಯ್ಡ್ ಫೋನ್ ಇದೆಯೆಂಬುದನ್ನು ಪ್ಲೇ ಕನ್ಸೋಲ್‌ನ ಮೊಬೈಲ್ ಆ್ಯಪ್ ಮೂಲಕ ದೃಢಪಡಿಸಬೇಕಾಗುತ್ತದೆ. ಪ್ಲೇ ಕನ್ಸೋಲ್ ಎಂದರೆ ಆ್ಯಪ್‌ಗಳನ್ನು ಏರಿಸುವ, ವಿವರಣೆ ಬರೆಯುವ, ಬಳಕೆದಾರರ ವಿಮರ್ಶೆಗೆ ಉತ್ತರಿಸುವ ನಿಯಂತ್ರಣ ಫಲಕ. ಅಲ್ಲಿ ಆ್ಯಪ್‌ನ ಹೆಸರಿಗೆ 30, ಕಿರು ವಿವರಣೆಗೆ 80, ಪೂರ್ಣ ವಿವರಣೆಗೆ 4,000 ಅಕ್ಷರಗಳ ಮಿತಿಯಿದೆ ಮತ್ತು ಈ ಮೂರನ್ನೂ ಕನ್ನಡದಲ್ಲೇ ಬರೆಯಲು ಅವಕಾಶವಿದೆ. ಕನ್ನಡದ ಆ್ಯಪ್ ಮಾಡಿಯೂ ವಿವರಣೆಯನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆದು ಬಿಡುವ ರೂಢಿ ಹೋಗಬೇಕು. ಕನ್ನಡ ಲಿಪಿಯಲ್ಲಿ ಹುಡುಕುವವರಿಗೆ ಆ್ಯಪ್ ಸಿಗಬೇಕಾದರೆ ಅದರ ವಿವರಣೆಯಲ್ಲಿ ಕನ್ನಡದ ಪದಗಳೇ ಇರಬೇಕಲ್ಲವೇ?

ಘೋಷಣೆಗಳ ಭಾಗ ಬೇಸರ ತರಿಸಿದರೂ ಹಗುರವಾಗಿ ತೆಗೆದುಕೊಳ್ಳುವಂಥದಲ್ಲ. ಆ್ಯಪ್ ಎಷ್ಟು ವಯಸ್ಸಿನವರಿಗೆ ತಕ್ಕುದೆಂದು ನಿರ್ಧರಿಸುವ ಪ್ರಶ್ನಾವಳಿ, ಮಕ್ಕಳಿಗಾಗಿ ಮಾಡಿದ್ದೇ ಎಂಬ ಪ್ರಶ್ನೆ, ಜಾಹೀರಾತು ಇದೆಯೇ ಎಂಬ ಪ್ರಶ್ನೆ ಇವುಗಳ ಜೊತೆಗೆ 2022ರಿಂದ ದತ್ತಾಂಶ ಸುರಕ್ಷತೆಯ ನಮೂನೆಯೂ ಕಡ್ಡಾಯವಾಗಿದೆ. ಬಳಕೆದಾರರಿಂದ ಯಾವ ಮಾಹಿತಿ ಪಡೆಯಲಾಗುತ್ತದೆ, ಯಾರ ಜೊತೆ ಹಂಚಿಕೊಳ್ಳಲಾಗುತ್ತದೆ ಎಂಬುದನ್ನು ಅದರಲ್ಲಿ ತಿಳಿಸಬೇಕು. ಏನನ್ನೂ ಸಂಗ್ರಹಿಸದ ಆ್ಯಪ್ ಕೂಡ ಅದನ್ನು ತುಂಬಬೇಕು ಮತ್ತು ಗೋಪ್ಯತಾ ನೀತಿಯ ಪುಟವೊಂದರ ಕೊಂಡಿ ಕೊಡಬೇಕು. ಹೊಸಬರು ಸಾಮಾನ್ಯವಾಗಿ ತಪ್ಪುವುದು ಹೀಗೆ: ತಾವು ಬರೆದ ಪ್ರೋಗ್ರಾಮಿನಲ್ಲಿ ಯಾವ ಮಾಹಿತಿಯನ್ನೂ ಕೇಳಿಲ್ಲವೆಂಬ ನಂಬಿಕೆಯಿಂದ ‘ಸಂಗ್ರಹವಿಲ್ಲ’ ಎಂದು ಗುರುತು ಹಾಕುತ್ತಾರೆ, ಆದರೆ ಜಾಹೀರಾತಿಗಾಗಿ ಸೇರಿಸಿಕೊಂಡ ಹೊರಗಿನ ತಂತ್ರಾಂಶದ ತುಣುಕು ಫೋನಿನ ಜಾಹೀರಾತು ಗುರುತನ್ನು ಸದ್ದಿಲ್ಲದೆ ಕಳಿಸುತ್ತಿರುತ್ತದೆ. ಅದೂ ಡೆವಲಪರ್ ಘೋಷಿಸಬೇಕಾದ ಸಂಗ್ರಹವೇ.

ಆ್ಯಪ್‌ನ ಕಡತವನ್ನು ಏರಿಸುವ ತಾಂತ್ರಿಕ ನಿಯಮಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು. 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳು ಆ್ಯಪ್ ಬಂಡಲ್ ಎಂಬ ರೂಪದಲ್ಲೇ ಇರಬೇಕು; ಅದರಿಂದ ಗೂಗಲ್ ಒಂದೊಂದು ಫೋನಿಗೂ ಬೇಕಾದಷ್ಟನ್ನೇ ಬೇರ್ಪಡಿಸಿ ಕಳಿಸುತ್ತದೆ. ಮತ್ತು ಪ್ರತಿ ಆ್ಯಪ್‌ಗೂ ಪ್ಯಾಕೇಜ್ ಹೆಸರೆಂಬ ಒಳಗಿನ ಗುರುತು ಇರುತ್ತದೆ. ಸ್ಟೋರಿನಲ್ಲಿ ಕಾಣುವ ಹೆಸರನ್ನು ಎಷ್ಟು ಸಲವಾದರೂ ಬದಲಿಸಬಹುದು, ಆದರೆ ಪ್ಯಾಕೇಜ್ ಹೆಸರು ಒಮ್ಮೆ ಪ್ರಕಟವಾದರೆ ಶಾಶ್ವತ. ಅಭ್ಯಾಸಕ್ಕೆಂದು ಇಟ್ಟ ಅಸಡ್ಡೆಯ ಹೆಸರು ಅದರಲ್ಲಿ ಉಳಿದುಹೋಗದಂತೆ ನೋಡಿಕೊಳ್ಳಬೇಕು.

ಪ್ಲೇ ಸ್ಟೋರಿನ ಈ ಕಟ್ಟುಪಾಡುಗಳು ಬೇಡವೆಂದು ಬೇರೆ ದಾರಿ ಹುಡುಕುವವರಿಗೂ ಕೆಲವು ಆಯ್ಕೆಗಳಿವೆ. ಬೆಂಗಳೂರಿನ ಫೋನ್‌ಪೇ ಕಂಪನಿ 2024ರ ಫೆಬ್ರವರಿಯಲ್ಲಿ ಇಂಡಸ್ ಆ್ಯಪ್‌ಸ್ಟೋರ್ ಎಂಬ ಆಂಡ್ರಾಯ್ಡ್ ಸ್ಟೋರನ್ನು ತೆರೆಯಿತು; ಕನ್ನಡವೂ ಸೇರಿದಂತೆ 12 ಭಾರತೀಯ ಭಾಷೆಗಳಲ್ಲಿ ಅದು ಸಿಗುತ್ತದೆ. ಆದರೆ ಜನ ಹುಡುಕುವುದು ತಮ್ಮ ಫೋನಿನಲ್ಲಿ ಮೊದಲೇ ಇರುವ ಸ್ಟೋರಿನಲ್ಲಿ; ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಪ್ಲೇ ಸ್ಟೋರಿನ ಪಾವತಿ ನೀತಿಗಳ ವಿಷಯದಲ್ಲಿ ಗೂಗಲ್‌ಗೆ 936 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿ, ಮೇಲ್ಮನವಿ ನ್ಯಾಯಮಂಡಳಿ 2025ರ ಮಾರ್ಚಿನಲ್ಲಿ ಅದನ್ನು 216 ಕೋಟಿಯಷ್ಟಕ್ಕೆ ಇಳಿಸಿದ ಪ್ರಕರಣ ಆ ಸ್ಟೋರಿನ ಹಿಡಿತದ ಬಲವನ್ನೇ ಹೇಳುತ್ತದೆ. ಸ್ಟೋರಿನ ಹಂಗಿಲ್ಲದೆ ಜಾಲತಾಣದಿಂದ ನೇರವಾಗಿ ಆ್ಯಪ್ ಹಂಚುವವರೂ ತಮ್ಮ ಗುರುತನ್ನು ದೃಢಪಡಿಸಬೇಕೆಂಬ ವ್ಯವಸ್ಥೆಯನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ ಮತ್ತು ಥಾಯ್ಲೆಂಡ್‌ಗಳಿಗೆ 2026ರ ಸೆಪ್ಟೆಂಬರ್, ಉಳಿದ ದೇಶಗಳಿಗೆ ಅದರ ನಂತರ ಎಂಬುದು ಆ ಪ್ರಕಟಣೆಯ ಕ್ರಮ.

ಇನ್ನು ಉಳಿದಿರುವುದು ವೈಯಕ್ತಿಕ ಖಾತೆಯ ಎಲ್ಲಕ್ಕಿಂತ ಕಠಿಣವಾದ ಹಂತ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳು ಆ್ಯಪನ್ನು ನೇರವಾಗಿ ಸಾರ್ವಜನಿಕರಿಗೆ ಬಿಡುಗಡೆ ಮಾಡುವಂತಿಲ್ಲ. ಮೊದಲು ಮುಚ್ಚಿದ ಪರೀಕ್ಷೆ, ಎಂದರೆ ಆಹ್ವಾನಿತರಿಗೆ ಮಾತ್ರ ಆ್ಯಪ್ ಸಿಗುವಂಥ ಪರೀಕ್ಷೆ, ನಡೆಸಬೇಕು. ಮೊದಲು 20 ಮಂದಿ ಪರೀಕ್ಷಕರು ಬೇಕೆಂದಿದ್ದುದನ್ನು 2024ರ ಡಿಸೆಂಬರಿನಲ್ಲಿ 12ಕ್ಕೆ ಇಳಿಸಲಾಯಿತು. ಅಷ್ಟು ಮಂದಿ ಸತತವಾಗಿ 14 ದಿನ ಪರೀಕ್ಷೆಯಲ್ಲಿ ಉಳಿದಿರಬೇಕು. ಸಂಸ್ಥೆಯ ಖಾತೆಗಳಿಗೆ ಈ ನಿಯಮವಿಲ್ಲ. ಡೆವಲಪರ್ ಪರೀಕ್ಷಕರ ಜಿಮೇಲ್ ವಿಳಾಸಗಳನ್ನು ಪಟ್ಟಿಗೆ ಸೇರಿಸಿ ಕೊಂಡಿಯೊಂದನ್ನು ಕಳಿಸುತ್ತಾರೆ, ಪರೀಕ್ಷಕರು ಅದೇ ಜಿಮೇಲ್ ಇರುವ ಫೋನಿನಲ್ಲಿ ಕೊಂಡಿಯನ್ನು ತೆರೆದು ‘ಪರೀಕ್ಷಕನಾಗುತ್ತೇನೆ’ ಎಂದು ಒಪ್ಪಿಗೆ ಕೊಟ್ಟ ಮೇಲಷ್ಟೇ ಲೆಕ್ಕಕ್ಕೆ ಬರುತ್ತಾರೆ. ಆ್ಯಪನ್ನು ವಾಟ್ಸ್‌ಆ್ಯಪ್‌ನಲ್ಲಿ ಪಡೆದು ನೋಡಿದವರು ಎಷ್ಟೇ ಮಂದಿಯಿದ್ದರೂ ಲೆಕ್ಕಕ್ಕಿಲ್ಲ. ನಡುವೆ ಯಾರಾದರೂ ಪರೀಕ್ಷೆಯಿಂದ ಹೊರನಡೆದು ಸಂಖ್ಯೆ 12ಕ್ಕಿಂತ ಕೆಳಗೆ ಇಳಿಯಬಾರದೆಂದು ಕೆಲವರನ್ನು ಹೆಚ್ಚಾಗಿಯೇ ಸೇರಿಸಿಕೊಳ್ಳುವುದು ಜಾಣತನ. 14 ದಿನ ಮುಗಿದ ಬಳಿಕ ಪರೀಕ್ಷಕರನ್ನು ಹೇಗೆ ಹುಡುಕಿದಿರಿ, ಅವರು ಏನು ಹೇಳಿದರು, ಅದರಂತೆ ಏನನ್ನು ತಿದ್ದಿದಿರಿ ಎಂಬ ಪ್ರಶ್ನೆಗಳಿಗೆ ಉತ್ತರ ಬರೆದು ಬಿಡುಗಡೆಗೆ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಒಂದು ವಾರದೊಳಗೆ ತೀರ್ಮಾನ ತಿಳಿಯುತ್ತದೆ. ಹೆಸರಿಗಷ್ಟೇ 12 ಜನರನ್ನು ಜೋಡಿಸಿ ಆ್ಯಪನ್ನು ಯಾರೂ ತೆರೆದೇ ನೋಡದಿದ್ದರೆ ಇನ್ನಷ್ಟು ಪರೀಕ್ಷೆ ಬೇಕೆಂಬ ಉತ್ತರ ಬರುತ್ತದೆ.

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯಲ್ಲಿ ಕೆಲಸ ಮಾಡುವವರಿಗೆ 12 ಸ್ನೇಹಿತರನ್ನು ಒಪ್ಪಿಸುವುದು ಒಂದು ಸಂಜೆಯ ಕೆಲಸ. ತಾಲ್ಲೂಕು ಕೇಂದ್ರವೊಂದರಲ್ಲಿ ಪುಸ್ತಕ ಓದಿಯೇ ಆ್ಯಪ್ ಬರೆಯಲು ಕಲಿತವರಿಗೆ ಅದು ಹಾಗಲ್ಲ. ಜಿಮೇಲ್ ವಿಳಾಸ ಕೊಡಿ ಎಂದರೆ ನೆರೆಯವರು ಮೋಸದ ಭಯದಿಂದ ಹಿಂಜರಿಯುತ್ತಾರೆ, ಮತ್ತು ಸೈಬರ್ ವಂಚನೆಯ ಈ ದಿನಗಳಲ್ಲಿ ಆ ಹಿಂಜರಿಕೆ ತಪ್ಪೂ ಅಲ್ಲ. ಹೀಗಾಗಿ ಪರೀಕ್ಷಕರನ್ನು ಹಣಕ್ಕೆ ಒದಗಿಸುವ ಸೇವೆಗಳತ್ತ ಕೆಲವರು ವಾಲುತ್ತಾರೆ. ಕನ್ನಡವೇ ಬಾರದ ಅಂಥ ಪರೀಕ್ಷಕರಿಂದ ಕನ್ನಡದ ಆ್ಯಪ್‌ನಲ್ಲಿ ಒತ್ತಕ್ಷರ ಒಡೆದು ಕಾಣುತ್ತಿದೆ, ‘ೃ’ ಕಾರ ಮೂಡುತ್ತಿಲ್ಲ ಎಂಬ ದೋಷ ಎಂದಿಗೂ ಹೊರಬರದು. ಆದ್ದರಿಂದ ಪರಿಚಯದ ಹುಡುಗನೋ ಹುಡುಗಿಯೋ ತಾನು ಮಾಡಿದ ಕನ್ನಡದ ಆ್ಯಪ್‌ಗೆ ಪರೀಕ್ಷಕರಾಗಿ ಎಂದು ಕೇಳಿದಾಗ, ಕೊಂಡಿ ಪ್ಲೇ ಸ್ಟೋರಿನದೇ ಎಂದು ಖಚಿತಪಡಿಸಿಕೊಂಡು ಓದುಗರು ಒಪ್ಪಿಕೊಳ್ಳಬೇಕು, ಎರಡು ವಾರ ಅದನ್ನು ಫೋನಿನಲ್ಲಿಟ್ಟುಕೊಂಡು ದಿನಕ್ಕೊಮ್ಮೆಯಾದರೂ ತೆರೆಯಬೇಕು, ಕಂಡ ಲೋಪಗಳನ್ನು ಎರಡು ಸಾಲಿನಲ್ಲಾದರೂ ಕನ್ನಡದಲ್ಲೇ ಬರೆದು ತಿಳಿಸಬೇಕು.